ಮೂರು ಗುಂಡಿನ ಡಬ್ಬಿ, ಮರೆತ ಕಾರಣಗಳು

ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ದೊಡ್ಡ ಆಪರೇಷನ್ನಿಗೆ ಗದಗಕ್ಕೋ ಹುಬ್ಬಳ್ಳಿಗೋ ಹೋಗಿ ಬಂದವರ ಚೀಲದಲ್ಲಿ ಎಷ್ಟೋ ಸಲ ಮೂರು ಗುಂಡಿನ ಪ್ಲಾಸ್ಟಿಕ್ ಡಬ್ಬಿಯೊಂದು ಇರುತ್ತದೆ. ಉಸಿರೆಳೆದು ಗುಂಡು ಎತ್ತಿದರೆ ಶ್ವಾಸಕೋಶ ಕುಸಿಯದು ಎಂಬ ನಂಬಿಕೆ. ಹೊಟ್ಟೆಯ ಮೇಲ್ಭಾಗದ ಶಸ್ತ್ರಚಿಕಿತ್ಸೆಗಳ ಬಗ್ಗೆ 2014ರಲ್ಲಿ ಬಂದ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಪರಿಶೀಲನೆಗೆ ಈ ಡಬ್ಬಿಯ ಲಾಭಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಕೊಡುವುದು ತಪ್ಪಲ್ಲ; ಕೊಟ್ಟು ಕೈತೊಳೆದುಕೊಳ್ಳುವ ರೂಢಿಗೆ ನನ್ನ ತಕರಾರು.

ಪೂರ್ಣ ಅರಿವಳಿಕೆ ಪಡೆದ ಹತ್ತರಲ್ಲಿ ಸುಮಾರು ಒಂಬತ್ತು ಜನರ ಶ್ವಾಸಕೋಶ ಒಂದಿಷ್ಟು ಮುದುಡುತ್ತದೆ, ಬಹುಪಾಲು ಮತ್ತೆ ಅರಳುತ್ತದೆ. ಹಾಗಾಗಿ ಆಪರೇಷನ್ ನಂತರ ಉಸಿರು ಕಟ್ಟಿದರೆ ‘ಕಫ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬೇರೆ ಕಾರಣಗಳು ಮರೆಯಾಗುವುದು ಅಲ್ಲೇ. ಭುಜದ ಆಪರೇಷನ್ನಿಗೆಂದು ಕುತ್ತಿಗೆಯ ಬುಡದಲ್ಲಿ ಕೊಟ್ಟ ಮರಗಟ್ಟಿಸುವ ಮದ್ದು ಎದೆ-ಹೊಟ್ಟೆಯ ನಡುವಿನ ವಪೆಯ ನರಕ್ಕೂ ಹರಡಿದರೆ, ಆ ಬದಿಯ ವಪೆ ಕೆಲಸ ನಿಲ್ಲಿಸುತ್ತದೆ, ಶ್ವಾಸಕೋಶದ ಬುಡ ಕುಸಿಯಬಹುದು. ಬೆನ್ನಿನಿಂದ ಕಿಡ್ನಿ ಕಲ್ಲು ತೆಗೆಯುವಾಗ ಸೂಜಿ ಪಕ್ಕೆಲುಬಿನ ಮೇಲಿಂದ ಹೋದರೆ ಎದೆಗೂಡಿಗೆ ಗಾಳಿಯೋ ನೀರೋ ನುಗ್ಗಬಹುದು. ಅರಿವಳಿಕೆಯಲ್ಲಿ ಹಾಕುವ ಉಸಿರಿನ ನಳಿಕೆ ತುಸು ಆಳಕ್ಕಿಳಿದರೂ ಸಾಕು, ಶ್ವಾಸನಾಳದ ಹೆಚ್ಚು ನೇರವಾಗಿರುವ ಬಲ ಕವಲಿಗೆ ಜಾರುತ್ತದೆ. ಎಡ ಶ್ವಾಸಕೋಶಕ್ಕೆ ಗಾಳಿಯೇ ಸಿಗದು. ಸಡಿಲ ಹಲ್ಲು ಒಳಜಾರಿ ಕವಲಿನಲ್ಲಿ ಕೂತದ್ದೂ ಉಂಟು. ಹಲ್ಲು ಸಿಕ್ಕಿಕೊಂಡವನಿಗೆ ಬೇಕಾದ್ದು ಶ್ವಾಸನಾಳಕ್ಕೆ ಇಳಿಸುವ ದುರ್ಬೀನು, ಎದೆಗೂಡಿನಲ್ಲಿ ಗಾಳಿ ತುಂಬಿ ಒದ್ದಾಡುವವನಿಗೆ ಎದೆಯ ನಳಿಕೆ. ಇವರಿಗೆ ‘ಗುಂಡು ಎತ್ತು’ ಎನ್ನುತ್ತ ಕೂತರೆ ಹೊತ್ತು ಕಳೆದುಹೋಗುತ್ತದೆ.

ಲಂಡನ್ನಿನ ವೈದ್ಯ ವಿಲಿಯಂ ಪಾಶ್ಚರ್ ನೂರು ವರ್ಷಕ್ಕೂ ಹಿಂದೆ ತೋರಿದ ಹಾದಿ ಬೇರೆ. ಗಂಟಲಮಾರಿಯಿಂದ ವಪೆ ಸೋತವರಲ್ಲಿ ಕುಸಿದ ಶ್ವಾಸಕೋಶ ಕಂಡಿದ್ದ ಅವರು, ಹೊಟ್ಟೆಯ ಆಪರೇಷನ್ ಆದವರಲ್ಲೂ ವಪೆಯ ಕಡೆಗೇ ನೋಡಿದರು. ಅವರ ಗಮನವೆಲ್ಲ ಕಾರಣದ ಮೇಲಿತ್ತು.

ಮನೆಯ ರೂಢಿಯೂ ಬದಲಾಗಬೇಕು. ‘ಅಳ್ಳಾಡಬ್ಯಾಡ, ಹೊಲಿಗಿ ಬಿಚ್ತಾವು’ ಎಂದು ಅಕ್ಕರೆಯಿಂದಲೇ ಮಲಗಿಸಿಡುತ್ತಾರೆ, ನೋವಿನ ಗುಳಿಗೆ ಬಿಡಿಸುತ್ತಾರೆ. ನೋವಿದ್ದರೆ ಉಸಿರು ಮೇಲೆಮೇಲೆಯೇ ಆಡುತ್ತದೆ, ಕೆಮ್ಮು ಅರ್ಧಕ್ಕೇ ನಿಲ್ಲುತ್ತದೆ. ರೋಗಿಯನ್ನು ಮಂಚದ ಅಂಚಿಗೆ ಕೂರಿಸಿ, ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿಸಿ ಕೆಮ್ಮಿಸುವುದನ್ನು ವಾರ್ಡಿನಲ್ಲೇ ಮನೆಯವರಿಗೆ ಮಾಡಿ ತೋರಿಸಬಹುದು. ಅದಕ್ಕೆ ಯಾವ ಡಬ್ಬಿಯೂ ಬೇಡ.

ಡಿಸ್ಚಾರ್ಜ್ ಕಾರ್ಡಿನಲ್ಲಿ ಎರಡು ಸಾಲು ಕನ್ನಡ ಇರಲಿ: ಸೂಜಿ ಎಲ್ಲಿ, ಯಾವ ಬದಿಗೆ ಹೋಗಿತ್ತು, ಒಂದು ಬದಿಯ ಎದೆನೋವು, ದಿಢೀರ್ ಏದುಸಿರು ಬಂದರೆ ಆ ಕ್ಷಣವೇ ಆಸ್ಪತ್ರೆಗೆ. ಆಗ ಗಜೇಂದ್ರಗಡದಲ್ಲೋ ರೋಣದಲ್ಲೋ ರಾತ್ರಿ ಪಾಳಿಯ ವೈದ್ಯರು ಎದೆಯ ಎರಡೂ ಬದಿ ಆಲಿಸಿ, ಎಕ್ಸ್‌ರೇ ತೆಗೆಸಿದ ಮೇಲಷ್ಟೇ ಕಫದ ಮಾತಾಡಬಹುದು.