ಐತಿಹ್ಯದ ಋಣ, ಕಾದಂಬರಿಯ ರಹಸ್ಯ: ಯುವ ಓದುಗರ ರೋಚಕ ಕಾದಂಬರಿಗಳ ವಿಮರ್ಶೆಗೆ ಹಾಸನ ಸೀಮೆಯಿಂದ ಒಂದು ಮಾನದಂಡ

1

ಪತ್ತೇದಾರಿ, ಮಾಟಮಂತ್ರದ ಹಾಗೂ ರೋಚಕ ಕಾದಂಬರಿಗಳ ವಿಷಯದಲ್ಲಿ ಕನ್ನಡ ವಿಮರ್ಶೆಯು ಬಹುಕಾಲದಿಂದ ಎರಡು ಮಾತುಗಳಲ್ಲಿ ತನ್ನ ಕೆಲಸ ಮುಗಿಸುತ್ತ ಬಂದಿದೆ. ಇವು ಜನಪ್ರಿಯ ಕೃತಿಗಳು ಎಂಬುದು ಮೊದಲ ಮಾತು. ಇವು ಹದಿಹರೆಯದವರ ಕಾಲಕ್ಷೇಪದ ಓದು ಎಂಬುದು ಎರಡನೆಯದು. ಈ ಎರಡೂ ಬಹುಮಟ್ಟಿಗೆ ಪುಸ್ತಕ ತೆರೆಯುವ ಮೊದಲೇ ಹಚ್ಚಿದ ಹಣೆಪಟ್ಟಿಗಳು. ಪರಿಣಾಮವಾಗಿ ಇಂಥ ಕಾದಂಬರಿಗಳಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ತೂರಿ ನೋಡುವ ಮೊರವೇ ನಮ್ಮಲ್ಲಿ ಸಿದ್ಧವಾಗಿಲ್ಲ. ಪತ್ರಿಕೆಗಳ ಪುಸ್ತಕ ಪರಿಚಯವು ‘ಒಂದೇ ಉಸಿರಿಗೆ ಓದಿಸಿಕೊಳ್ಳುತ್ತದೆ’ ಎಂಬ ಹೊಗಳಿಕೆಯಲ್ಲಿ ನಿಲ್ಲುತ್ತದೆ. ವಿದ್ವತ್ ವಿಮರ್ಶೆ ಅಷ್ಟು ದೂರವೂ ಬರುವುದು ಅಪರೂಪ.

ಹದಿಹರೆಯದವರಿಗೆಂದೇ ಪ್ರತ್ಯೇಕ ಕಾದಂಬರಿ ಪ್ರಕಾರವೊಂದು ಇಂಗ್ಲಿಷಿನಲ್ಲಿ ರೂಪುಗೊಂಡಂತೆ ಕನ್ನಡದಲ್ಲಿ ರೂಪುಗೊಂಡಿಲ್ಲ. ಇಲ್ಲಿ ಮಕ್ಕಳ ಸಾಹಿತ್ಯ ಮುಗಿದ ಕಡೆಯಿಂದ ಹಿರಿಯರ ಸಾಹಿತ್ಯ ಆರಂಭವಾಗುತ್ತದೆ. 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ದ ಬೇತಾಳ ಕಥೆಗಳನ್ನು ಓದಿ ಬೆಳೆದ ಹಲವು ತಲೆಮಾರಿನ ಎಳೆಯರು ಅಲ್ಲಿಂದ ನೇರವಾಗಿ ಪತ್ತೇದಾರಿ ಕಾದಂಬರಿಗೆ ದಾಟಿದರು. ಇಂದಿನವರ ಕೈಯಲ್ಲಿ ಸ್ಟೆಫೆನಿ ಮೇಯರ್ ಅವರ ‘ಟ್ವೈಲೈಟ್’ (2005) ಮಾದರಿಯ ರಕ್ತಪಿಶಾಚಿಯ ಪ್ರೇಮಕಥೆಗಳೂ ಇವೆ, ಕನ್ನಡದ ಹೊಸ ರೋಚಕ ಕಾದಂಬರಿಗಳೂ ಇವೆ. ಈ ಓದಿಗೆ ತಕ್ಕ ಮಾನದಂಡವನ್ನು ಪಶ್ಚಿಮದ ಪ್ರಕಾರ ಸಿದ್ಧಾಂತಗಳಿಂದ ತರುವ ಮೊದಲು ನಮ್ಮ ಐತಿಹ್ಯಗಳಲ್ಲಿ ಹುಡುಕಬಹುದೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯನ್ನು ಇದಕ್ಕಾಗಿ ಆಯ್ದುಕೊಳ್ಳಲಾಗಿದೆ. ಅದ್ಭುತ ಮತ್ತು ಭಯದ ಕಥನಗಳು ಇಲ್ಲಿ ಯಥೇಚ್ಛವಾಗಿವೆ. ಕನ್ನಡದ ಮುಖ್ಯ ಕಾದಂಬರಿಗಳ ಕೆಲವು ಬೇರುಗಳೂ ಈ ನೆಲದಲ್ಲೇ ಇವೆ.

2

ಹಾಸನದ ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ ತೆರೆದು ದೀಪಾವಳಿಯ ಆಸುಪಾಸಿನಲ್ಲಿ ಮುಚ್ಚುತ್ತದೆ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಉರಿಯುತ್ತಲೇ ಇರುತ್ತದೆ, ಮುಡಿಸಿದ ಹೂವು ಬಾಡಿರುವುದಿಲ್ಲ ಎಂಬುದು ಭಕ್ತರ ನಂಬಿಕೆ. ವಿಚಾರವಾದಿಗಳು ಇದನ್ನು ಪ್ರಶ್ನಿಸುತ್ತಾರೆ. ಜಾನಪದ ಅಧ್ಯಯನದ ದೃಷ್ಟಿಯಿಂದ ಈ ಪವಾಡಕ್ಕಿಂತ ಗಮನಾರ್ಹವಾದದ್ದು ಅದರ ಸುತ್ತ ಬೆಳೆದ ಎರಡು ಸಣ್ಣ ಐತಿಹ್ಯಗಳು. ಅತ್ತೆಯ ಹಿಂಸೆ ತಾಳಲಾರದೆ ಮೊರೆಯಿಟ್ಟ ಸೊಸೆಯೊಬ್ಬಳು ದೇವಿಯ ಸನ್ನಿಧಿಯಲ್ಲೇ ಕಲ್ಲಾದಳು. ಆ ‘ಸೊಸೆ ಕಲ್ಲು’ ವರ್ಷವರ್ಷವೂ ಕೂದಲೆಳೆಯಷ್ಟು ದೇವಿಯತ್ತ ಸರಿಯುತ್ತಿದೆ. ಅದು ದೇವಿಯ ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎಂಬುದು ಒಂದು. ದೇವಿಯ ಒಡವೆ ಕದಿಯಲು ಬಂದ ನಾಲ್ವರು ಕಳ್ಳರು ಕಲ್ಲಾಗಿ ನಿಂತರು ಎಂಬುದು ಇನ್ನೊಂದು.

ಕಲ್ಲು ಚಲಿಸುವುದು ಅತಿಮಾನುಷ ಆಶಯ. ಆದರೆ ಕಥನದ ಭಾರ ಬಿದ್ದಿರುವುದು ಸೊಸೆಗೆ ಆದ ಅನ್ಯಾಯದ ಮೇಲೆ. ಅವಳಿಗೆ ಸಲ್ಲಬೇಕಾದ ನ್ಯಾಯ ಬದುಕಿನಲ್ಲಿ ಸಲ್ಲಲಿಲ್ಲ. ಆದ್ದರಿಂದ ಕಲ್ಲು ನಡೆಯುತ್ತಿದೆ. ಲೋಕದ ಕೊನೆಯನ್ನೇ ಆ ಒಬ್ಬ ಹೆಣ್ಣಿನ ಬಾಕಿಗೆ ಜನಪದರು ಗಂಟು ಹಾಕಿದ್ದಾರೆ. ಐತಿಹ್ಯಗಳಲ್ಲಿ ಕಾಣುವ ಈ ತೀರದ ಬಾಕಿಯನ್ನು ‘ಋಣ’ ಎಂದು ಕರೆಯಬಹುದು.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಕಥೆಯಲ್ಲಿಯೂ ಇದೇ ವಿನ್ಯಾಸವಿದೆ. ಕ್ರಿ.ಶ. 981ರ ಸುಮಾರಿನಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಕೊಡಗಟ್ಟಲೆ ಹಾಲೆರೆದರೂ ಅದು ಮೂರ್ತಿಯ ಸೊಂಟದಿಂದ ಕೆಳಗಿಳಿಯಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ತೊಟ್ಟೆಯಲ್ಲಿ ತಂದ ಹಾಲು ಪಾದದವರೆಗೆ ಹರಿಯಿತು. ಅದ್ಭುತವು ಇಲ್ಲಿ ಅಧಿಕಾರದ ಗರ್ವದ ಲೆಕ್ಕವನ್ನು ಚುಕ್ತಾ ಮಾಡುತ್ತದೆ. ಆ ಅಜ್ಜಿಯ ಶಿಲ್ಪ ಇಂದಿಗೂ ಗೊಮ್ಮಟನಿಗೆ ಅಭಿಮುಖವಾಗಿ ನಿಂತಿದೆ. ಕಥೆಗೆ ಸ್ಥಳವಿದೆ, ಕಲ್ಲಿದೆ, ಕೇಳುಗನು ಹೋಗಿ ನೋಡಬಹುದಾದ ಗುರುತಿದೆ. ಹೀಗೆ ಐತಿಹ್ಯದ ಅದ್ಭುತಕ್ಕೆ ಋಣ ಮತ್ತು ಗುರುತು ಎಂಬ ಎರಡು ಆಧಾರಗಳಿರುವುದನ್ನು ಗುರುತಿಸಬಹುದು. ರೋಚಕ ಕಾದಂಬರಿಯ ರಹಸ್ಯವನ್ನೂ ಇವೆರಡರಿಂದಲೇ ಅಳೆದು ನೋಡುವುದು ಮುಂದಿನ ವಿವೇಚನೆಯ ಉದ್ದೇಶ.

3

ಕನ್ನಡದಲ್ಲಿ ಓದುವ ಜನಸಮೂಹವನ್ನು ಕಟ್ಟಿದವರಲ್ಲಿ ಹೆಸರಿನಲ್ಲೇ ಅರಕಲಗೂಡನ್ನು ಹೊತ್ತ ಅ.ನ.ಕೃಷ್ಣರಾಯರು (1908–1971) ಪ್ರಮುಖರು. ಜನಪ್ರಿಯತೆ ಮತ್ತು ಸಾಹಿತ್ಯದ ಮೌಲ್ಯ ಕುರಿತ ವಾದ ಅವರ ಕಾಲದಲ್ಲೇ ಕಾವೇರಿತ್ತು. ಅವರ ಸಮಕಾಲೀನರಾದ ಮ. ರಾಮಮೂರ್ತಿ ಮತ್ತು ಎನ್. ನರಸಿಂಹಯ್ಯನವರು ಪತ್ತೇದಾರಿ ಕಾದಂಬರಿಗಳ ಮೂಲಕ ಹೊಸ ಓದುಗರನ್ನು ಕನ್ನಡಕ್ಕೆ ಕರೆತಂದರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ನರಸಿಂಹಯ್ಯನವರು ನೂರಾರು ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮ ಮನೆಮಾತಾದನು. ಈ ಕೃತಿಗಳಲ್ಲಿ ಋಣ ಸರಳವಾಗಿದೆ: ಅಪರಾಧ ನಡೆಯುತ್ತದೆ, ಅಪರಾಧಿ ಸಿಕ್ಕುತ್ತಾನೆ, ಬಾಕಿ ತೀರುತ್ತದೆ. ಸೊಸೆ ಕಲ್ಲಿನಂತೆ ಯಾವುದೂ ಉಳಿದು ಕಾಡುವುದಿಲ್ಲ. ಓದಿದ ಪುಸ್ತಕವನ್ನು ಮರೆತು ಮುಂದಿನದನ್ನು ಕೈಗೆತ್ತಿಕೊಳ್ಳುವ ಓದಿನ ರೂಢಿಗೆ ಈ ವಿನ್ಯಾಸವೂ ಒಂದು ಕಾರಣವೆನ್ನಬಹುದು.

ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ‘ತುಳಸಿದಳ’ವು ವಂಶಿ ಅವರ ಅನುವಾದದಲ್ಲಿ ಕನ್ನಡಕ್ಕೆ ಬಂದು, 1985ರಲ್ಲಿ ಚಲನಚಿತ್ರವೂ ಆಯಿತು. ಎಳೆಯ ಹುಡುಗಿಯ ಮೇಲೆ ನಡೆಯುವ ಕ್ಷುದ್ರ ಪ್ರಯೋಗ ಅದರ ವಸ್ತು. ಅನೇಕ ಓದುಗರಿಗೆ ನೆನಪಿರುವುದು ‘ಕಾಷ್ಮೋರ’ ಎಂಬ ಪದದ ಭಯ. ಆದರೆ ಆ ಭಯದ ಕೆಳಗೆ ಮಗುವಿಗೆ ಬರಬೇಕಾದ ಹಣದ ಮೇಲಿನ ಹಿರಿಯರ ದುರಾಸೆಯಿದೆ. ವೈದ್ಯದ ವಿವರಣೆ ಮತ್ತು ಮಂತ್ರದ ವಿವರಣೆಗಳೆರಡನ್ನೂ ಜೊತೆಜೊತೆಗೆ ನಡೆಸುವುದರಿಂದ ನಂಬಬೇಕೇ ಬಿಡಬೇಕೇ ಎಂಬ ಹೊಣೆ ಓದುಗನ ಮೇಲೆ ಬೀಳುತ್ತದೆ. ಇದು ಐತಿಹ್ಯ ಹೇಳುವವರ ಹಳೆಯ ಜಾಣ್ಮೆ. ‘ಕಂಡವರು ಹೇಳುತ್ತಾರೆ’ ಎಂದಷ್ಟೇ ಹೇಳಿ ಅವರು ಪಕ್ಕಕ್ಕೆ ನಿಲ್ಲುತ್ತಾರೆ. ರವಿ ಬೆಳಗೆರೆಯವರ ‘ಮಾಟಗಾತಿ’ ಮತ್ತು ‘ಸರ್ಪ ಸಂಬಂಧ’ಗಳಲ್ಲಿ ವಾಮಾಚಾರದ ವಿಧಿಗಳ ದಟ್ಟ ವಿವರಗಳೇ ಮುಖ್ಯ ಆಕರ್ಷಣೆಯಾಗಿವೆ. ಓದಿನ ವೇಗ ಅಲ್ಲಿ ಹೆಚ್ಚು. ಋಣದ ಪ್ರಶ್ನೆ ಹಿಂದೆ ಸರಿಯುತ್ತದೆ.

ಇವುಗಳ ಪಕ್ಕದಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರಾದ ಎಸ್.ಎಲ್. ಭೈರಪ್ಪನವರ (1931–2025) ‘ನಾಯಿ ನೆರಳು’ (1968) ಕಾದಂಬರಿಯನ್ನು ಇಟ್ಟು ನೋಡಬೇಕು. ಅದನ್ನು ಯಾರೂ ಅತಿಮಾನುಷ ಕಾದಂಬರಿಯೆಂದು ವರ್ಗೀಕರಿಸುವುದಿಲ್ಲ. ಆದರೆ ಅದರ ವಸ್ತು ಪುನರ್ಜನ್ಮ: ಸತ್ತ ಗಂಡನೇ ಮರುಹುಟ್ಟು ಪಡೆದು ಬಂದಿದ್ದಾನೆ ಎಂಬ ನಂಬಿಕೆಯ ಎದುರು ನಿಂತ ವಿಧವೆಯೊಬ್ಬಳ ಬಾಳು. ಗಿರೀಶ ಕಾಸರವಳ್ಳಿಯವರು 2006ರಲ್ಲಿ ಇದನ್ನು ಚಲನಚಿತ್ರವಾಗಿಸಿದಾಗ ಪುನರ್ಜನ್ಮದ ಸತ್ಯಾಸತ್ಯಕ್ಕಿಂತ ಆ ಹೆಣ್ಣಿನ ಆಯ್ಕೆಯನ್ನು ಮುಂದಕ್ಕೆ ತಂದರು. ಸಮಾಜ ಆಕೆಗೆ ಸಲ್ಲಿಸದೆ ಉಳಿಸಿದ ಬಾಕಿಯೇ ಕಥನದ ಕೇಂದ್ರವಾಯಿತು. ಸೊಸೆ ಕಲ್ಲಿನ ಐತಿಹ್ಯಕ್ಕೂ ಈ ಕಥನಕ್ಕೂ ಇರುವ ನಂಟನ್ನು ಗಮನಿಸಿದರೆ, ‘ಗಂಭೀರ’ ಮತ್ತು ‘ರೋಚಕ’ ಎಂಬ ಗೆರೆ ವಸ್ತುವಿನಿಂದ ಎಳೆದದ್ದಲ್ಲವೆಂಬುದು ಸ್ಪಷ್ಟವಾಗುತ್ತದೆ.

4

ಇನ್ನು ಗುರುತಿನ ಪ್ರಶ್ನೆ. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರ ಕಥೆ ಕಾದಂಬರಿಗಳು ಶಾಸನ, ಶಿಲ್ಪ, ಸಸ್ಯಗಳನ್ನು ಸುಳಿವುಗಳಾಗಿ ಬಳಸಿ ಚರಿತ್ರೆಯ ರಹಸ್ಯವನ್ನು ಭೇದಿಸುವ ಹೊಸ ಬಗೆಯವು. ಕೃತಿಯೊಂದಿಗೆ ಆಕರಗಳನ್ನೂ ಚಿತ್ರಗಳನ್ನೂ ಕೊಡುವುದು ಅವರ ಪದ್ಧತಿ. ಅವರ ‘ಕನಕ ಮುಸುಕು’ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ, ಮುಸುಕಿನ ಜೋಳವನ್ನು ಹೋಲುವ ತೆನೆಯ ಸುತ್ತ ಹೆಣೆದ ಕಾದಂಬರಿ. ಮುಸುಕಿನ ಜೋಳದ ತವರು ಅಮೆರಿಕ ಖಂಡ; ಕೊಲಂಬಸ್ ಅಲ್ಲಿಗೆ ತಲುಪಿದ್ದು 1492ರಲ್ಲಿ. ಹಾಗಿರುವಾಗ 12–13ನೆಯ ಶತಮಾನದ ಶಿಲ್ಪಿ ಅದನ್ನು ಕಂಡದ್ದೆಲ್ಲಿ? ಬೇಲೂರು, ಹಳೇಬೀಡುಗಳ ನೆರೆಯಲ್ಲಿ ಬೆಳೆದ ಯುವ ಓದುಗನಿಗೆ ಇದಕ್ಕಿಂತ ಸೆಳೆಯುವ ಪ್ರಶ್ನೆ ಮತ್ತೊಂದಿರಲಾರದು.

ಈ ಪ್ರಶ್ನೆ ಕಾದಂಬರಿಕಾರರ ಕಲ್ಪನೆಯಷ್ಟೇ ಅಲ್ಲ. ಕಾರ್ಲ್ ಜೋಹಾನೆಸೆನ್ ಮತ್ತು ಆ್ಯನ್ ಪಾರ್ಕರ್ ಅವರು 1989ರಲ್ಲಿ ‘ಎಕನಾಮಿಕ್ ಬಾಟನಿ’ ಪತ್ರಿಕೆಯಲ್ಲಿ ಇವು ಜೋಳದ ತೆನೆಗಳೇ ಎಂದು ವಾದಿಸಿದರು. ಅದೇ ಪತ್ರಿಕೆಯಲ್ಲಿ 1993ರಲ್ಲಿ ಪಾಯಕ್ ಮತ್ತು ಸಚನ್ ಅವರು ಸೋಮನಾಥಪುರದ ಶಿಲ್ಪಗಳನ್ನು ಆಧರಿಸಿ ಇದನ್ನು ತಳ್ಳಿಹಾಕಿ, ಕೈಯಲ್ಲಿರುವುದು ಮುತ್ತುಗಳನ್ನು ಪೋಣಿಸಿದಂತಿರುವ ‘ಮುಕ್ತಾಫಲ’ವೆಂಬ ಕಾಲ್ಪನಿಕ ಹಣ್ಣು ಎಂದರು. ಎರಡನೆಯ ವಾದಕ್ಕೆ ಶಿಲ್ಪಶಾಸ್ತ್ರ ಬಲ್ಲ ಸ್ಥಪತಿಗಳ ಮಾತಿನ ಬೆಂಬಲವಿದೆ. ಒಂದು ವಾದವನ್ನು ಹಿಡಿದು ಕಥೆ ನೇಯುವುದು ಕಾದಂಬರಿಯ ಸ್ವಾತಂತ್ರ್ಯ. ಆದರೆ ಆಕರಗಳ ಸಮೇತ ಬಂದ ಕಥೆಯನ್ನು ಯುವ ಓದುಗ ಸಂಶೋಧನೆಯೆಂದೇ ಓದುತ್ತಾನೆ. ಅವನು ಅದನ್ನು ಮತ್ತೊಬ್ಬರಿಗೆ ಹೇಳುವಾಗ ‘ಕಾದಂಬರಿಯಲ್ಲಿದೆ’ ಎಂಬ ಮಾತು ಕಳಚಿ ಬಿದ್ದರೆ, ಅಲ್ಲಿಗೆ ಹೊಸ ಐತಿಹ್ಯವೊಂದು ಹುಟ್ಟಿದಂತೆ. ಐತಿಹ್ಯಗಳು ಹುಟ್ಟುವ ದಾರಿ ಹಿಂದಿನಿಂದಲೂ ಹೀಗೆಯೇ ಎಂಬುದು ಜಾನಪದ ವಿದ್ವಾಂಸರಿಗೆ ಹೊಸತಲ್ಲ.

ಇಲ್ಲಿ ಒಂದು ಅಸಮತೆಯನ್ನು ವಿಮರ್ಶೆ ಕಾಣಬೇಕು. ಅಜ್ಜಿ ಹೇಳಿದ ಸೊಸೆ ಕಲ್ಲಿನ ಕಥೆ ಮೂಢನಂಬಿಕೆಯೆಂಬ ಪಟ್ಟಿಗೆ ಸೇರುತ್ತದೆ; ಅಚ್ಚಾದ ಕಾದಂಬರಿಯ ಊಹೆ ಜ್ಞಾನವೆಂಬ ಪಟ್ಟಿಗೆ ಸೇರುತ್ತದೆ. ಹೀಗಾದರೆ ಊರಿನ ಯುವಕ ಯುವತಿಯರು ತಮ್ಮ ಮನೆಯ ಕಥನಕಾರರಿಂದ ದೂರವಾಗುತ್ತಾರೆ. ‘ಕನಕ ಮುಸುಕು’ ಓದುಗನನ್ನು ಕಲ್ಲಿನ ಎದುರಿಗೆ ನಿಲ್ಲಿಸಿ ಕಣ್ಣು ತೆರೆಸುತ್ತದೆ. ಅದು ನಿಜವಾದ ಲಾಭ. ಪ್ರತಿವಾದವನ್ನೂ ಓದಿಸುವ ಹೊಣೆ ವಿಮರ್ಶಕನದು.

5

ಈ ಸೀಮೆಯಲ್ಲಿ ಕಾದಂಬರಿಗೆ ಒದಗಬಲ್ಲ ಮತ್ತೊಂದು ಸ್ಥಳ ಹಾಸನ ತಾಲ್ಲೂಕಿನ ಶೆಟ್ಟಿಹಳ್ಳಿ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಅಲ್ಲಿನ ಚರ್ಚು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಎದ್ದು ಕಾಣುತ್ತದೆ. ದೆವ್ವದ ಕಥೆ ಬರೆಯಹೊರಟವರಿಗೆ ಆ ಪಾಳು ಗೋಡೆಗಳೇ ಸಾಕು. ಆದರೆ ಋಣದ ಮಾನದಂಡ ಇಲ್ಲಿ ಬೇರೆ ಪ್ರಶ್ನೆ ಕೇಳುತ್ತದೆ. ಮುಳುಗಿದ್ದು ಬರಿಯ ಚರ್ಚಲ್ಲ. ಒಕ್ಕಲುಗಳು ಎದ್ದುಹೋದ ಊರುಗಳು. ಅದೇ ಹೇಮಾವತಿಯ ನಾಲೆಗಳು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ಹೊಲಗದ್ದೆಗಳಿಗೆ ನೀರು ತಂದವು. ಹೆಸರಿನಲ್ಲೇ ಹೊಳೆಯನ್ನಿಟ್ಟುಕೊಂಡ ಊರಿಗೂ ನೀರಿನಡಿ ಹೋದ ಊರಿಗೂ ನಡುವೆ ಒಂದು ಲೆಕ್ಕ ಬಾಕಿಯಿದೆ. ಚರ್ಚಿನಲ್ಲಿ ಬಿಳಿ ಸೀರೆಯ ನೆರಳನ್ನು ಅಲೆದಾಡಿಸುವ ಕಾದಂಬರಿ ಈ ಲೆಕ್ಕವನ್ನು ಮುಚ್ಚುತ್ತದೆ. ಅದನ್ನು ಕೇಳಿಸುವ ಕಾದಂಬರಿ ನಿಜವಾದ ಭಯವನ್ನು ಹುಟ್ಟಿಸಬಲ್ಲದು. ಕೆರೆಗೆ ಹಾರವಾದ ಭಾಗೀರಥಿಯ ಲಾವಣಿ ನೂರಾರು ವರ್ಷ ಉಳಿದದ್ದು ಇಂಥ ಲೆಕ್ಕವನ್ನು ಕೇಳಿಸಿದ್ದರಿಂದಲೇ.

1990ರ ದಶಕದಲ್ಲಿ ಕರ್ನಾಟಕದ ಹಲವೆಡೆ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದನ್ನೂ ಇಲ್ಲಿ ನೆನೆಯಬಹುದು. ರಾತ್ರಿ ಹೆಣ್ಣು ದೆವ್ವ ಬಂದು ಬಂಧುಗಳ ದನಿಯಲ್ಲಿ ಕರೆಯುತ್ತದೆ, ಬರಹ ಓದಿ ಹಿಂದಿರುಗುತ್ತದೆ ಎಂಬುದು ವದಂತಿ. ಸಾಲಗಾರ ಸಾಲ ಕೊಟ್ಟವನಿಗೆ ಹೇಳುವ ಮಾತೂ ಇದೇ ಎಂಬುದು ಗಮನಾರ್ಹ. ಬಾಕಿ ಕೇಳಲು ಬಂದವಳನ್ನು ಜನ ಮುಂದೂಡುತ್ತಿದ್ದಾರೆಯೇ ಹೊರತು ಇಲ್ಲವೆನ್ನುತ್ತಿಲ್ಲ. ‘ಟ್ವೈಲೈಟ್’ನ ಪಿಶಾಚಿ ಹದಿಹರೆಯದ ಹುಡುಗಿಗೆ ಪ್ರಿಯಕರ, ನಮ್ಮ ಬಾಗಿಲಿಗೆ ಬರುವವಳು ಬಂಧುವಿನ ದನಿಯವಳು. ಈ ವ್ಯತ್ಯಾಸವನ್ನು ಅರಿಯದೆ ಬರೆದ ಕನ್ನಡದ ಭಯದ ಕಥೆ ಎರವಲಿನ ಅಂಗಿಯಂತೆ ಸಡಿಲವಾಗಿಯೇ ಇರುತ್ತದೆ.

6

ಒಟ್ಟಿನಲ್ಲಿ, ಯುವ ಓದುಗರ ರೋಚಕ ಕಾದಂಬರಿಯನ್ನು ವಿಮರ್ಶಿಸುವವರು ಮೂರು ಪ್ರಶ್ನೆಗಳನ್ನು ಕೇಳಬಹುದು. ಇದರ ರಹಸ್ಯ ಯಾರ ಋಣವನ್ನು ಬಯಲು ಮಾಡುತ್ತದೆ? ಇದರ ಗುರುತುಗಳು ನಿಜವಾದ ಸ್ಥಳ ಮತ್ತು ಸತ್ಯಾಂಶಗಳ ಎದುರು ನಿಲ್ಲುತ್ತವೆಯೇ? ಪುಸ್ತಕ ಮುಚ್ಚಿದ ಮೇಲೆ ಓದುಗನಿಗೆ ಯಾವ ಪ್ರಶ್ನೆ ಉಳಿಯುತ್ತದೆ? ಬೇತಾಳನು ಪ್ರತಿ ಕಥೆಯ ಕೊನೆಗೆ ವಿಕ್ರಮನನ್ನು ಕೇಳುತ್ತಿದ್ದುದು ಈ ಮೂರನೆಯದನ್ನೇ. ಕಥೆ ಮುಗಿದರೂ ಧರ್ಮಸಂಕಟ ಮುಗಿದಿರುತ್ತಿರಲಿಲ್ಲ.

ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಮತ್ತು ‘ಜುಗಾರಿ ಕ್ರಾಸ್’ (1994) ಕಾದಂಬರಿಗಳು ರೋಚಕತೆಯೂ ವಿಚಾರವೂ ಒಂದೇ ಪುಸ್ತಕದಲ್ಲಿ ಬಾಳಬಲ್ಲವೆಂದು ಈಗಾಗಲೇ ತೋರಿಸಿವೆ. ಅವರ ನಂತರದ ಅನುಷ್ ಎ. ಶೆಟ್ಟಿಯವರಂಥ ಲೇಖಕರ ಕೃತಿಗಳನ್ನು ಯುವಜನರು ಕೊಂಡು ಓದುತ್ತಿದ್ದಾರೆ. ಗ್ರಂಥಾಲಯಗಳು ಇವುಗಳನ್ನು ಐತಿಹ್ಯ ಸಂಕಲನಗಳ ಪಕ್ಕದಲ್ಲಿಟ್ಟರೆ, ವಿಮರ್ಶೆಯು ಎರಡನ್ನೂ ಒಂದೇ ಗೌರವದಿಂದ, ಒಂದೇ ಕಠೋರತೆಯಿಂದ ಓದಿದರೆ, ಅಜ್ಜಿಯ ಕಥೆಗೂ ಮೊಮ್ಮಗಳ ಕಾದಂಬರಿಗೂ ನಡುವಿನ ದಾರಿ ತೆರೆದಿರುತ್ತದೆ. ಹೊಸ ಕಾದಂಬರಿಕಾರರು ಸೊಸೆ ಕಲ್ಲಿನ ಚಲನೆಯನ್ನಷ್ಟೇ ಕಡ ತೆಗೆದುಕೊಂಡು ಸೊಸೆಯನ್ನು ಬಿಟ್ಟುಬಿಡದಂತೆ ನೋಡಿಕೊಳ್ಳುವುದು ಆ ವಿಮರ್ಶೆಯ ಮೊದಲ ಕೆಲಸ.