ಹೊಡೆಯದ ಗಂಡಸಿನ ಹೊಣೆ

ಬಾನು ಮುಷ್ತಾಕ್‌ರ ‘ಕರಿ ನಾಗರಗಳು’ ಕಥೆ 2004ರಲ್ಲಿ ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ ಚಿತ್ರಕ್ಕೆ ಆಧಾರವಾಯಿತು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಹೆಂಡತಿಯನ್ನು ತೊರೆದ ಯಾಕೂಬನನ್ನು ಶಪಿಸಿ ಓದುಗ ಪುಸ್ತಕ ಮುಚ್ಚಬಹುದು. ಆದರೆ ಕಥೆ ಹೆಚ್ಚು ಕಟುವಾಗಿ ವಿಚಾರಣೆಗೆ ಒಳಪಡಿಸುವುದು ಮುತವಲ್ಲಿಯನ್ನು. ಆತ ಆಕೆಗೆ ಹೊಡೆಯುವುದಿಲ್ಲ. ಅಹವಾಲು ಹೊತ್ತು ಬಂದವಳನ್ನು ಕಾಯಿಸುತ್ತಾನೆ, ಅಷ್ಟೇ. ನ್ಯಾಯ ಸಿಗುವ ಮೊದಲೇ ಕಾಯಿಲೆಯ ಮಗು ಸಾಯುತ್ತದೆ. ಅವನಿಗೆ ಉತ್ತರ ಕೊಡುವವರು ಬೀದಿಯ ಹೆಂಗಸರು, ಕೊನೆಗೆ ಸ್ವಂತ ಪತ್ನಿ.

ಇಂಥ ಕಥೆಯನ್ನು ಸಮುದಾಯದ ನಿಂದೆಯೆಂದು ತಳ್ಳಿಹಾಕುವುದು ಸುಲಭ. ನ್ಯಾಯದ ಪರ ದೃಢವಾಗಿ ನಿಲ್ಲಬೇಕೆಂದು ಕುರ್‌ಆನ್ ಆದೇಶಿಸಿರುವಾಗ, ಆ ಆದೇಶ ಮರೆತವನನ್ನು ತೋರಿಸುವುದು ನಿಂದೆ ಹೇಗಾದೀತು? ‘ನಾನು ಹೆಂಡತಿಗೆ ಹೊಡೆದವನಲ್ಲ’ ಎಂದು ನೆಮ್ಮದಿಯಿಂದಿರುವ ನಾವೂ ಕೇಳಿಕೊಳ್ಳಬೇಕು: ಬಾಗಿಲಿಗೆ ಬಂದ ಹೆಣ್ಣಿನ ದೂರನ್ನು ನಾಳೆಗೆ ತಳ್ಳಿದವರು ಯಾರು?