ಹಿಮ್ಮೇಳದವರ ಸಾವು

ಕನ್ನಡದಲ್ಲಿ ತೀರಿಕೊಂಡವರ ಬಗ್ಗೆ ಬರೆಯುವುದಕ್ಕೆ ಯಾರೂ ಬರೆದಿಡದ ಒಂದು ನಿಯಮವಿದೆ: ಬರೆಯುವವರು ಆ ವ್ಯಕ್ತಿಯನ್ನು ಕಂಡಿರಬೇಕು. ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ ನಿಂತಿರುವುದೇ ಇಂಥ ಕಂಡ ನೆನಪುಗಳ ಮೇಲೆ. ಅದರ ‘ಕಲೋಪಾಸಕರು’ ಸಂಪುಟದ ಕಲಾವಿದರೂ ಹಾಗೆ ಕಂಡವರೇ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಹುಟ್ಟಿದ್ದು ಸ್ವಂತ ಮಗುವಿನ ಸಾವಿನಿಂದ. ಇವತ್ತಿನ ಪತ್ರಿಕೆಯ ನುಡಿನಮನ ಕೂಡ ಸಾಮಾನ್ಯವಾಗಿ ಮೊದಲ ಭೇಟಿಯ ಪ್ರಸಂಗದಿಂದಲೇ ಶುರುವಾಗುತ್ತದೆ. ಹಾಗಾದರೆ ಒಮ್ಮೆಯೂ ಕಾಣದವರ ಸಾವಿಗೆ ಮರುಗುವ ಅಭಿಮಾನಿ ಏನನ್ನು ಬರೆಯಬೇಕು? ಆ ದುಃಖಕ್ಕೆ ಸಾಕ್ಷಿ ಯಾವುದು?

2021ರ ಆಗಸ್ಟ್ 24ರಂದು ರೋಲಿಂಗ್ ಸ್ಟೋನ್ಸ್ ತಂಡದ ಡ್ರಮ್ಮರ್ ಚಾರ್ಲಿ ವಾಟ್ಸ್ ಲಂಡನ್ನಿನಲ್ಲಿ ತೀರಿಕೊಂಡರು. ಅವರಿಗೆ 80 ವರ್ಷ. 1963ರ ಜನವರಿಯಲ್ಲಿ ತಂಡ ಸೇರಿ, 58 ವರ್ಷ ಅದೇ ಸ್ಟೂಲಿನ ಮೇಲೆ ಕೂತವರು. ನಾನಾಗ ಹೆಬ್ಬಾಳದ ಪಕ್ಕದ ಕೆಂಪಾಪುರದಲ್ಲಿ ಬಾಡಿಗೆ ಕೋಣೆಯಲ್ಲಿದ್ದೆ. ಫೋನಿನಲ್ಲಿ ನನ್ನ ದನಿ ಕೇಳಿ ಅಮ್ಮ ಏನಾಯಿತೆಂದು ವಿಚಾರಿಸಿದರು. ಹೇಳಿದೆ. “ಯಾರು ಅವರು, ನಿನಗೆ ಗೊತ್ತಿರೋರಾ?” ಅಂದರು. ಗೊತ್ತು ಎನ್ನಲೂ ಆಗಲಿಲ್ಲ, ಗೊತ್ತಿಲ್ಲ ಎನ್ನಲೂ ಆಗಲಿಲ್ಲ.

ಎರಡು ತಿಂಗಳು ಕಳೆದು, ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಈ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಲಿಲ್ಲ. ಅಪ್ಪುವನ್ನು ಎದುರಿಗೆ ಕಾಣದವರೂ ಮನೆಯವರನ್ನು ಕಳಕೊಂಡಂತೆ ಅತ್ತರು. ಕೆಂಪಾಪುರದ ರಸ್ತೆಗಳಲ್ಲಿ ಫೋಟೊ, ಹಾರ, ದೀಪ, ಅನ್ನದಾನ ಎಲ್ಲ ಇದ್ದವು. ಆ ದುಃಖ ನಿಜವಾದದ್ದು. ಅದಕ್ಕೊಂದು ಆಕಾರವೂ ಸಿದ್ಧವಾಗಿತ್ತು. ಮುಖ ಗೊತ್ತಿತ್ತು, ಮಾತು ಗೊತ್ತಿತ್ತು, ನಗು ಗೊತ್ತಿತ್ತು. ಆದರೆ ಡ್ರಮ್ಮರ್ ಎಂದರೆ ಹಾಡುಗಾರನ ಬೆನ್ನ ಹಿಂದೆ ಕೂತವರು. ಅಭಿಮಾನಿಗೆ ಅವರ ಮುಖಕ್ಕಿಂತ ಹೆಚ್ಚು ಗೊತ್ತಿರುವುದು ಅವರ ಏಟು. ದೇಶ ಬೇರೆ ಎಂಬ ದೂರದ ಜೊತೆಗೆ ಈ ಇನ್ನೊಂದು ದೂರವೂ ಇತ್ತು. ನನ್ನ ಮಾತು ಈ ಎರಡನೆಯದರ ಬಗ್ಗೆ.

ಯಕ್ಷಗಾನ ನಮಗೆ ಹಿಮ್ಮೇಳ, ಮುಮ್ಮೇಳ ಎಂಬ ಎರಡು ಒಳ್ಳೆಯ ಪದಗಳನ್ನು ಕೊಟ್ಟಿದೆ. ಆಟ ಮುಗಿಸಿ ಮನೆಗೆ ಹೋಗುವ ಕರಾವಳಿಯ ಪ್ರೇಕ್ಷಕರು ವೇಷದ ಬಗ್ಗೆ ಎಷ್ಟು ಮಾತಾಡುತ್ತಾರೋ ಚೆಂಡೆ, ಮದ್ದಳೆಯ ಬಗ್ಗೆಯೂ ಅಷ್ಟೇ ಮಾತಾಡಬಲ್ಲರು. ಕರ್ನಾಟಕ ಸಂಗೀತದಲ್ಲಿ ಮೃದಂಗಕ್ಕೆ ತನಿ ಆವರ್ತನವಿದೆ. ಆ ಹೊತ್ತಿಗೆ ಕೆಲವರು ಕಾಫಿಗೆ ಏಳುತ್ತಾರೆ ಎಂಬ ತಮಾಷೆಯೂ ಇದೆ. ಅಂದರೆ ಹಿಂದೆ ಕೂತವರನ್ನು ಕೇಳುವ ಅಭ್ಯಾಸ ನಮ್ಮಲ್ಲಿ ಇಲ್ಲದ್ದೇನಲ್ಲ. ಅದು ಬರವಣಿಗೆಗೆ ಇಳಿದದ್ದು ಕಡಿಮೆ, ಅಷ್ಟೆ.

ವಾಟ್ಸ್ ವಿಷಯದಲ್ಲಿ ಇದು ಇನ್ನೂ ಕಷ್ಟ. ಅವರಿಗೆ ತನಿ ಬಾರಿಸುವುದು ಇಷ್ಟವಿರಲಿಲ್ಲ. ಮನಸ್ಸು ಜಾಝ್‌ನಲ್ಲಿತ್ತು, ಚಾರ್ಲಿ ಪಾರ್ಕರ್ ಬಗ್ಗೆ ಮಕ್ಕಳ ಪುಸ್ತಕದಂಥ ಒಂದು ಚಿತ್ರಕಥೆಯನ್ನೇ ಬರೆದು ಪ್ರಕಟಿಸಿದ್ದರು. ದೊಡ್ಡ ಮೈದಾನಗಳಲ್ಲಿ ಬಾರಿಸುವಾಗಲೂ ಅವರ ಮುಂದೆ ಇರುತ್ತಿದ್ದದ್ದು ಸಣ್ಣ ಡ್ರಮ್ ಸೆಟ್. ಅವರ ಕಲೆ ಇದ್ದದ್ದು ಏನನ್ನು ಬಿಡಬೇಕು ಎಂಬುದರಲ್ಲಿ.

ಇದನ್ನು ಲೆಕ್ಕ ಹಾಕಿಯೇ ತೋರಿಸಬಹುದು. ರಾಕ್‌ನ ಸಾಮಾನ್ಯ ನಡೆಯಲ್ಲಿ ನಾಲ್ಕು ಎಣಿಕೆ. ಬಲಗೈ ಹೈ-ಹ್ಯಾಟ್ ಮೇಲೆ, ಅಂದರೆ ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ತಟ್ಟೆಗಳ ಮೇಲೆ, ಎಣಿಕೆಗೆ ಎರಡರಂತೆ ಎಂಟು ಸಲ ಬೀಳುತ್ತದೆ. ಎಡಗೈ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಸ್ನೇರ್ ಡ್ರಮ್ಮಿನ ಮೇಲೆ ಬೀಳುತ್ತದೆ. ಆ ಎರಡು ಜಾಗದಲ್ಲಿ ಎರಡೂ ಕೈ ಒಟ್ಟಿಗೆ ಬೀಳುವುದು ವಾಡಿಕೆ. ವಾಟ್ಸ್ ಹಲವು ಹಾಡುಗಳಲ್ಲಿ ಆ ಕ್ಷಣಕ್ಕೆ ಸರಿಯಾಗಿ ಬಲಗೈ ಎತ್ತಿಬಿಡುತ್ತಿದ್ದರು. ಎಂಟರ ಜಾಗದಲ್ಲಿ ಆರು. ಹೀಗೆ ಬಾರಿಸಿದವರು ಅವರೊಬ್ಬರೇ ಅಲ್ಲ. ಆದರೆ ಅವರ ಕೈಯಲ್ಲಿ ಆ ತೆರವು ಇಡೀ ತಂಡದ ಗುರುತಾಯಿತು: ಸ್ನೇರ್ ಏಟು ಒಂಟಿಯಾಗಿ, ಸುತ್ತ ಗಾಳಿ ಇಟ್ಟುಕೊಂಡು ಕೇಳಿಸುತ್ತದೆ. ಹಾಡು ಕುಣಿಯುವುದು ಆ ಗಾಳಿಯಲ್ಲಿ.

ಇನ್ನೊಂದು ಸಂಗತಿ. ಸಾಮಾನ್ಯವಾಗಿ ತಂಡ ಡ್ರಮ್ಮರನ್ನು ಹಿಂಬಾಲಿಸುತ್ತದೆ. ಸ್ಟೋನ್ಸ್‌ನಲ್ಲಿ ಡ್ರಮ್ಮರ್ ಕೀತ್ ರಿಚರ್ಡ್ಸ್ ಅವರ ಗಿಟಾರನ್ನು ಹಿಂಬಾಲಿಸುತ್ತಿದ್ದರು ಎಂಬುದನ್ನು ತಂಡದ ಬೇಸ್ ವಾದಕ ಬಿಲ್ ವೈಮನ್ ಗುರುತಿಸಿದ್ದರು. ಭಾಗವತರ ಪದ ಎಲ್ಲಿ ತಿರುಗುತ್ತದೆಂದು ಕಾದು ಕೈ ಹಾಕುವ ಮದ್ದಳೆಗಾರರನ್ನು ಬಲ್ಲವರಿಗೆ ಇದು ಹೊಸದಲ್ಲ. ‘ಹಾಂಕಿ ಟಾಂಕ್ ವಿಮೆನ್’ ಹಾಡು ಶುರುವಾದ ವೇಗಕ್ಕಿಂತ ತುಸು ಓಡಿ ಮುಗಿಯುತ್ತದೆ. ಕಾಲಪ್ರಮಾಣದ ಶಿಸ್ತಿನಲ್ಲಿ ಬೆಳೆದ ಕಿವಿ ಅದನ್ನು ದೋಷ ಎಂದೀತು. ನನಗೆ ಅದು ಗಿಟಾರಿನ ಉತ್ಸಾಹವನ್ನು ತಡೆಯದೆ ಜೊತೆಗೆ ನಡೆದವರ ಹೆಜ್ಜೆ.

ವಾಟ್ಸ್ ತೀರಿಕೊಂಡಾಗ ಬಂದ ಬಹುಪಾಲು ಶ್ರದ್ಧಾಂಜಲಿಗಳಲ್ಲಿ ಇದಾವುದೂ ಇರಲಿಲ್ಲ. ಸಭ್ಯರು, ಮಿತಭಾಷಿ, ಒಳ್ಳೆಯ ಸೂಟು ತೊಡುತ್ತಿದ್ದರು ಎಂಬಂಥ ಮಾತುಗಳಿದ್ದವು. ಪ್ರವಾಸದಲ್ಲಿ ತಾವು ಮಲಗಿದ ಪ್ರತಿ ಹೋಟೆಲಿನ ಹಾಸಿಗೆಯ ಚಿತ್ರ ಬರೆದಿಡುತ್ತಿದ್ದರು ಎಂಬ ಕತೆಯಿತ್ತು. ಕತೆ ನಿಜ, ನನಗೂ ಪ್ರಿಯ. ಲಕ್ಷಾಂತರ ಜನರ ಎದುರು ಬಾರಿಸಿ ಬಂದವರು ಕೋಣೆಯಲ್ಲಿ ಕೂತು ಖಾಲಿ ಹಾಸಿಗೆಯನ್ನು ದಾಖಲಿಸುತ್ತಾರೆ ಎಂಬುದರಲ್ಲಿ ಒಂಟಿತನವೂ ಇದೆ, ಶಿಸ್ತೂ ಇದೆ. ಆದರೆ ಗುಣವಿಶೇಷಣಗಳು ಡ್ರಮ್ಸಿನ ಜಾಗಕ್ಕೆ ಬಂದು ಕೂತಾಗ, ನಾವು ಶೋಕಿಸುತ್ತಿರುವುದು ಯಾರಿಗೆ ಎಂಬ ಅನುಮಾನ ಬರುತ್ತದೆ. ಸಭ್ಯರು ಊರಿಗೊಬ್ಬರಿದ್ದಾರೆ. ಆ ಎರಡು ಏಟನ್ನು ಹಾಗೆ ಬಿಟ್ಟವರು ಎಷ್ಟು ಜನ?

ಸರಿಯಾಗಿ ಶೋಕಿಸಿದವರು ಜೊತೆಗೆ ಬಾರಿಸಿದವರೇ. ಕೀತ್ ರಿಚರ್ಡ್ಸ್ ಮಾತಾಡದೆ ಒಂದು ಚಿತ್ರ ಹಾಕಿದರು: ಡ್ರಮ್ ಸೆಟ್ಟು, ಅದಕ್ಕೆ ತೂಗುಹಾಕಿದ, ಅಂಗಡಿ ಬಾಗಿಲಿನಲ್ಲಿರುವಂಥ ‘ಮುಚ್ಚಿದೆ’ ಎಂಬ ಫಲಕ. ಸೆಪ್ಟೆಂಬರ್ 26ರಂದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಪ್ರವಾಸ ಮತ್ತೆ ಆರಂಭವಾದಾಗ ಮೊದಲು ಖಾಲಿ ರಂಗ, ಡ್ರಮ್ಮಿನ ಸದ್ದು, ಪರದೆಯ ಮೇಲೆ ವಾಟ್ಸ್ ಚಿತ್ರಗಳು. ಮುಮ್ಮೇಳವಿಲ್ಲದೆ ಹಿಮ್ಮೇಳವನ್ನಷ್ಟೇ ಕೇಳಿಸಿದ ಆ ಕೆಲವು ಕ್ಷಣಗಳನ್ನು ನಾನು ವಿಮರ್ಶೆ ಎಂದೇ ಕರೆಯುತ್ತೇನೆ. ಆಮೇಲೆ ಸ್ಟೀವ್ ಜೋರ್ಡಾನ್ ಬಾರಿಸಿದರು. 1980ರಲ್ಲಿ ಜಾನ್ ಬಾನಮ್ ಸತ್ತಾಗ ಲೆಡ್ ಝೆಪ್ಪೆಲಿನ್ ತಂಡ ನಿಂತೇಹೋಯಿತು. 1978ರಲ್ಲಿ ಕೀತ್ ಮೂನ್ ಸತ್ತ ಮೇಲೂ ದ ಹೂ ಮುಂದುವರಿಯಿತು. ಎರಡರಲ್ಲಿ ಯಾವುದು ನಿಷ್ಠೆ ಎಂದು ಹೊರಗಿನವರು ತೀರ್ಪು ಕೊಡಲಾಗದು. ಬೇರೆಯವರು ಅದೇ ಹಾಡಿಗೆ ಬಾರಿಸಿದಾಗ ಏನು ಬದಲಾಯಿತೆಂದು ಕೇಳಿಸಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.

ಕೇಳಿಸಿಕೊಳ್ಳುವುದೆಂದರೆ ಹೊಗಳುವುದಲ್ಲ. ಅವರ ಪ್ರಸಿದ್ಧ ಹಾಡುಗಳಲ್ಲೊಂದಾದ ‘ಯೂ ಕಾಂಟ್ ಆಲ್ವೇಸ್ ಗೆಟ್ ವಾಟ್ ಯೂ ವಾಂಟ್’ನಲ್ಲಿ ಡ್ರಮ್ಸ್ ವಾಟ್ಸ್ ಅವರದ್ದಲ್ಲ. ಆ ನಡೆ ಅವರಿಗೆ ಒಗ್ಗಲಿಲ್ಲ. ನಿರ್ಮಾಪಕ ಜಿಮ್ಮಿ ಮಿಲ್ಲರ್ ಬಾರಿಸಿದರು. ನುಡಿನಮನದಲ್ಲಿ ಇದನ್ನು ಹೇಳಬಾರದು ಎನ್ನುವವರಿದ್ದಾರೆ. ಹೇಳಬೇಕು ಎಂದೇ ನನ್ನ ವಾದ. ಕೈಗೆ ಒಗ್ಗದ್ದು ಯಾವುದೆಂದು ತಿಳಿದಾಗಲೇ ಒಗ್ಗಿದ್ದು ಏನೆಂಬುದು ಸ್ಪಷ್ಟವಾಗುವುದು. ಸತ್ತವರನ್ನು ಎಲ್ಲ ಬಲ್ಲವರನ್ನಾಗಿ ಮಾಡಿದರೆ ಅವರು ಯಾರು ಬೇಕಾದರೂ ಆಗಿಬಿಡಬಹುದು.

ವಾಟ್ಸ್ ನಮ್ಮೂರಿಗೂ ಬಂದಿದ್ದರು. 2003ರ ಏಪ್ರಿಲ್ 4ರಂದು ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಕೆಂಪಾಪುರದಿಂದ ಹೆಬ್ಬಾಳ ಫ್ಲೈಓವರ್ ದಾಟಿ ಬಳ್ಳಾರಿ ರಸ್ತೆಯಲ್ಲಿ ನೇರ ಹೋದರೆ ಮೇಖ್ರಿ ಸರ್ಕಲ್, ಅಲ್ಲೇ ಮೈದಾನ. ನಾನಾಗ ಪ್ರಾಥಮಿಕ ಶಾಲೆಯ ಮಗು. ಆ ತಂಡದ ಹೆಸರೂ ಕೇಳಿರಲಿಲ್ಲ. ಹೋಗಿದ್ದವರನ್ನು ಕಂಡರೆ ಒಂದಿಷ್ಟು ಹೊಟ್ಟೆಕಿಚ್ಚಾಗುತ್ತದೆ ನಿಜ. ಆದರೆ ಅಂದು ಅಲ್ಲಿ ಇದ್ದದ್ದರಿಂದಷ್ಟೇ ದುಃಖದ ಹಕ್ಕು ಬರುತ್ತದೆ ಎಂದು ನನಗನ್ನಿಸುವುದಿಲ್ಲ. ದೂರದಿಂದ ಕಂಡದ್ದೂ ಒಂದು ಬಗೆಯಲ್ಲಿ ಕಾಣದ್ದೇ.

ಡಿ.ವಿ.ಜಿ.ಯವರಿಗೆ ಕಂಡ ನೆನಪಿತ್ತು, ಬೇಂದ್ರೆಯವರಿಗೆ ಕರುಳಿನ ನಂಟಿತ್ತು. ಅಭಿಮಾನಿಗೆ ಇರುವುದು ಕೇಳಿದ ನೆನಪೊಂದೇ. ಆದ್ದರಿಂದ ಅಭಿಮಾನಿಯ ಶೋಕ ವಿಮರ್ಶೆಯಾಗದೆ ಬೇರೆ ದಾರಿಯಿಲ್ಲ: ಯಾವ ಹಾಡಿನಲ್ಲಿ, ಯಾವ ಎಣಿಕೆಯಲ್ಲಿ, ಕೈ ಎಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ ಎಂದು ಬರೆಯಬೇಕು. ಚೆಂಡೆ, ಮದ್ದಳೆ, ಮೃದಂಗ, ತಮಟೆ, ಡೊಳ್ಳು ಬಾರಿಸುವವರು ನಮ್ಮ ನಡುವೆಯೂ ತೀರಿಕೊಳ್ಳುತ್ತಿದ್ದಾರೆ; ಅವರ ಬಗ್ಗೆ ಬರುವ ಸುದ್ದಿಯಲ್ಲಿ ಪ್ರಶಸ್ತಿಗಳ ಪಟ್ಟಿಯಿರುತ್ತದೆ, ನುಡಿತದ ಬಗ್ಗೆ ಒಂದು ವಾಕ್ಯ ಸಿಗುವುದೂ ಅಪರೂಪ. ಅಮ್ಮನ ಪ್ರಶ್ನೆಗೆ ಇವತ್ತಾದರೆ, ಅವರ ಬಲಗೈ ಗೊತ್ತಮ್ಮ ಎನ್ನುತ್ತೇನೆ. ನಮ್ಮ ಹಿಮ್ಮೇಳದ ಎಷ್ಟು ಜನರ ಬಗ್ಗೆ ಹಾಗೆ ಹೇಳಬಲ್ಲೆ ಎಂಬ ಲೆಕ್ಕ ಇನ್ನೂ ಬಾಕಿಯಿದೆ.